ಉಪ್ಪುಗದ್ದೆಯಲ್ಲಿ ಆಡಿದ ಮಾತು

ನಾನು ಓದಿದ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುತ್ತಿದ್ದ ಮಾಸ್ತರರು ಪ್ರತಿ ವರ್ಷವೂ ಒಂದು ಮಾತನ್ನು ತಪ್ಪದೇ ಹೇಳುತ್ತಿದ್ದರು. ‘ರೋಮಿನ ಹಡಗುಗಳು ಕಾಳುಮೆಣಸಿಗೆ ಬರುತ್ತಿದ್ದ ಮುಜಿರಿಸ್ ಬಂದರು ಇದೆಯಲ್ಲ, ಅದು ಬೇರೆಲ್ಲೂ ಅಲ್ಲ, ನಮ್ಮ ಮಿರ್ಜಾನ್.’ ಹಾಗೆಂದು ಕಿಟಕಿಯ ಕಡೆ ಕೈ ತೋರಿಸುತ್ತಿದ್ದರು. ಕಿಟಕಿಯಾಚೆ ತೆಂಗಿನ ತೋಟ, ಅದರಾಚೆ ಉಪ್ಪುನೀರಿನ ಗಜನಿ ಗದ್ದೆ, ಅದರಾಚೆ ಅಘನಾಶಿನಿಯ ಅಳಿವೆ. ಇಡೀ ತರಗತಿ ಆ ಕಡೆ ತಿರುಗಿ ನೋಡುತ್ತಿತ್ತು, ಹಡಗು ಈಗಷ್ಟೇ ಲಂಗರು ಹಾಕಿದೆ ಎಂಬಂತೆ.

ಮಾಸ್ತರರು ಅದನ್ನು ತಾವೇ ಕಟ್ಟಿ ಹೇಳಿದ್ದಲ್ಲ. 18ನೇ ಶತಮಾನದ ಕೊನೆಯಲ್ಲಿ ಹಿಂದೂಸ್ಥಾನದ ಭೂಪಟ ಬರೆದ ಜೇಮ್ಸ್ ರೆನೆಲ್ ಹೆಸರಿನ ಹೋಲಿಕೆ ಹಿಡಿದು ಹಾಗೆ ಊಹಿಸಿದ್ದ. ಆಮೇಲೆ ಬಂದ ವಿದ್ವಾಂಸರು ಆ ಊಹೆಯನ್ನು ಕೈಬಿಟ್ಟು ಮುಜಿರಿಸನ್ನು ಇನ್ನೂ ತೆಂಕಕ್ಕೆ, ಕೇರಳದ ಪೆರಿಯಾರ್ ನದಿಯ ಮುಖಕ್ಕೆ ಒಯ್ದರು. ನನಗದು ತಿಳಿದಾಗ ಮಾಸ್ತರರು ತೀರಿಕೊಂಡಿದ್ದರು. ಬದುಕಿದ್ದಿದ್ದರೂ ಅವರ ಎದುರು ನಿಂತು ಹೇಳುವ ಧೈರ್ಯ ನನಗೆ ಬರುತ್ತಿರಲಿಲ್ಲ. ಬಂದರು ನಮ್ಮ ಕೈತಪ್ಪಿ ಹೋದದ್ದಕ್ಕೆ ಒಂದು ಸಣ್ಣ ನೋವು ಮಾತ್ರ ಬಹಳ ಕಾಲ ಉಳಿಯಿತು. ಅದು ಹೋಗಿ ಸೇರಿದ ಊರನ್ನು ಒಮ್ಮೆ ಕಣ್ಣಾರೆ ನೋಡಬೇಕು ಅನ್ನಿಸುತ್ತಿತ್ತು. ಕಳೆದ ಅಕ್ಟೋಬರಿನಲ್ಲಿ ನೋಡಿ ಬಂದೆ. ಬಂದು ಇಷ್ಟು ತಿಂಗಳಾದರೂ ಅಲ್ಲಿ ನಾನು ಆಡಿದ ಒಂದು ಮಾತು ಮನಸ್ಸಿನಿಂದ ಇಳಿದಿಲ್ಲ.

ನಮ್ಮ ಕುಮಟೆಯನ್ನು ಹಾದು ಹೋಗುವ 66ನೇ ಹೆದ್ದಾರಿಯೇ ಆ ಊರಿನ ಪಕ್ಕವನ್ನೂ ಹಾದು ಹೋಗುತ್ತದೆ. ಉತ್ತರ ಪರವೂರಿಗೂ ಕೊಡುಂಗಲ್ಲೂರಿಗೂ ನಡುವೆ ಅದು ಇದೆ. ಹೆಸರು ಪಟ್ಟಣಂ. ಆ ಹೆಸರಿಗೆ ಕನ್ನಡಿಗನಿಗೆ ಅನುವಾದ ಬೇಕಾಗಿಲ್ಲ. ಆದರೆ ಇಳಿದು ನೋಡಿದರೆ ಪಟ್ಟಣದ ಲಕ್ಷಣ ಒಂದೂ ಇಲ್ಲ. ಕೋಟೆಯಿಲ್ಲ, ದಿಬ್ಬವಿಲ್ಲ, ಮುರಿದ ಕಂಬವಿಲ್ಲ. ತೆಂಗು, ಬಾಳೆ, ಜಾಯಿಕಾಯಿ, ನಡುವೆ ಹೆಂಚಿನ ಮನೆಗಳು, ಮನೆಗಳ ನಡುವೆ ಸೈಕಲ್ ಹೋಗುವಷ್ಟು ಅಗಲದ ದಾರಿ. ಭೂಮಿ ಅಂಗೈಯಂತೆ ಸಪಾಟು. ಎಲ್ಲಿ ನೋಡಿದರೂ ಹತ್ತಿರದಲ್ಲೇ ನೀರಿನ ವಾಸನೆ. ನಮ್ಮ ಮಿರ್ಜಾನಿನಲ್ಲಿ ಕೆಂಪು ಕಲ್ಲಿನ ಕೋಟೆ ತಲೆಯೆತ್ತಿ ನಿಂತಿದೆ. ಅಗೆದಾಗ ಚೀನಾದ ಪಿಂಗಾಣಿ ಚೂರುಗಳೂ ಪೋರ್ಚುಗೀಸರ ಚಿನ್ನದ ನಾಣ್ಯವೂ ಸಿಕ್ಕವು. ನೋಡಿದವರು ಯಾರೇ ಆದರೂ ಇದನ್ನೇ ಹಳೆಯ ಬಂದರು ಎಂದಾರು. ಮಾಸ್ತರರ ತಪ್ಪು ನನಗೆ ಆ ಗಳಿಗೆಯಲ್ಲಿ ತೀರಾ ಸಹಜವೆನಿಸಿತು.

ಮುಜಿರಿಸನ್ನು ಹುಡುಕುತ್ತ ಕೊಡುಂಗಲ್ಲೂರಿನ ಚೇರಮಾನ್ ಪರಂಬಿನಲ್ಲಿ ಹಿಂದೆ ಅಗೆದು ನೋಡಿದ್ದರು, ಅಷ್ಟು ಹಳೆಯದೇನೂ ಸಿಗಲಿಲ್ಲ. ನದಿ ತನ್ನ ದಾರಿಯನ್ನು ಬದಲಿಸಿಕೊಂಡಿರಬಹುದೆಂಬ ಎಳೆ ಹಿಡಿದು ಹುಡುಕುತ್ತಿದ್ದ ಭೂವಿಜ್ಞಾನಿ ಕೆ.ಪಿ. ಶಾಜನ್ ಅವರ ಕಣ್ಣಿಗೆ ಪಟ್ಟಣಂನ ಹಿತ್ತಲುಗಳಲ್ಲಿನ ಮಡಕೆ ಚೂರು, ಹಳೆಯ ಇಟ್ಟಿಗೆ ಬಿದ್ದವು. ಆಮೇಲೆ 2007ರಿಂದ 2015ರವರೆಗೆ ಕೇರಳ ಇತಿಹಾಸ ಸಂಶೋಧನಾ ಮಂಡಳಿಯವರು ಪಿ.ಜೆ. ಚೆರಿಯನ್ ಅವರ ಮುಂದಾಳತನದಲ್ಲಿ ಒಂಬತ್ತು ಹಂಗಾಮು ಅಗೆದರು. ಇದೇ ಮುಜಿರಿಸ್ ಎಂಬುದನ್ನು ಒಪ್ಪದ ಹಿರಿಯ ಇತಿಹಾಸಕಾರರೂ ಇದ್ದಾರೆ, ಆ ಜಗಳ ಮುಗಿದಿಲ್ಲ. ಜಗಳ ಏನೇ ಇರಲಿ, ಮಣ್ಣಿನೊಳಗೆ ಸಿಕ್ಕಿದ್ದನ್ನು ಯಾರೂ ಅಲ್ಲಗಳೆಯಲಾರರು. ಮೆಡಿಟರೇನಿಯನ್ ಕಡೆಯಿಂದ ದ್ರಾಕ್ಷಾರಸ, ಎಣ್ಣೆ ತುಂಬಿ ತಂದ ಆಂಫೋರಾ ಜಾಡಿಗಳ ಸಾವಿರಾರು ಚೂರುಗಳು, ರಾಶಿ ರಾಶಿ ಗಾಜಿನ ಮಣಿಗಳು, ಕೆತ್ತಿದ ಹರಳುಗಳು, ಕಾಳುಮೆಣಸು, ಧೂಪದ ಚೂರು, ಭತ್ತದ ಹೊಟ್ಟು.

ಅಗೆದ ಹೊಂಡಗಳು ಎಲ್ಲಿ ಎಂದು ಕೇಳಿದೆ. ಆಟೋದ ಚೇಟ್ಟ ನನ್ನನ್ನು ಒಂದು ಮನೆಯ ಹಿತ್ತಲಿಗೆ ಕರೆದೊಯ್ದರು. ಹೊಂಡ ಮುಚ್ಚಿದ್ದರು. ಮೇಲೆ ಬಾಳೆ ಗೊನೆ ಬಿಟ್ಟಿತ್ತು. ಮನೆಯ ಚೇಚ್ಚಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದರು. ನನ್ನ ಹರಕು ಮಲಯಾಳಕ್ಕೆ ನಗದೆ, ಜಗಲಿಯಲ್ಲಿ ಕೂರಿಸಿ ಚಹಾ ಕೊಟ್ಟರು. ಚಿಕ್ಕವರಿದ್ದಾಗ ದೊಡ್ಡ ಮಳೆ ಹೊಯ್ದ ಮರುದಿನ ಮಕ್ಕಳೆಲ್ಲ ಅಂಗಳದಲ್ಲಿ ಮಣಿ ಹೆಕ್ಕುತ್ತಿದ್ದರಂತೆ. ನೀಲಿ, ಹಸಿರು, ಹಳದಿ, ಸಾಸಿವೆಗಿಂತ ತುಸು ದೊಡ್ಡವು. ದಾರದಲ್ಲಿ ಪೋಣಿಸಿ ಗೊಂಬೆಗೆ ಹಾಕುತ್ತಿದ್ದರಂತೆ. ಅಂಗಳದ ಅಂಚಿನಿಂದ ಅವರು ಒಂದು ಚೂರನ್ನು ಎತ್ತಿ ನನ್ನ ಕೈಗಿಟ್ಟರು.

ಹೆಬ್ಬೆರಳಿನಷ್ಟು ದಪ್ಪದ, ಮಾಸಲು ಕೆಂಪು ಬಣ್ಣದ ಮಣ್ಣಿನ ಚೂರು. ಒಡೆದ ಅಂಚನ್ನು ಬಿಸಿಲಿಗೆ ಹಿಡಿದೆ. ಒಳಗೆಲ್ಲ ಕರಿಯ ಕಾಳುಗಳು, ಎಳ್ಳು ಬೆರೆಸಿದ ಚಕ್ಕುಲಿಯ ಹಾಗೆ. ಇಟಲಿಯ ಕಂಪಾನಿಯಾ ಸೀಮೆಯ ಜಾಡಿಗಳ ಗುರುತೇ ಅದು ಎಂದು ಓದಿದ್ದೆ. ವೆಸೂವಿಯಸ್ ಜ್ವಾಲಾಮುಖಿಯ ಸುತ್ತಲಿನ ಕಪ್ಪು ಮರಳು ಜೇಡಿಯಲ್ಲಿ ಬೆರೆತು ಹಾಗಾಗುತ್ತದೆ. ನನ್ನ ಕೈಯಲ್ಲಿದ್ದದ್ದು ಅದೇ ಹೌದೋ ಅಲ್ಲವೋ ಹೇಳುವಷ್ಟು ನಾನು ಬಲ್ಲವನಲ್ಲ. ಚೇಚ್ಚಿಯ ಮುಖದಲ್ಲಿ ಮಾತ್ರ ಅನುಮಾನವಿರಲಿಲ್ಲ. ‘ರೋಮಾ’ ಎಂದರು, ಪಕ್ಕದೂರಿನ ಹೆಸರು ಹೇಳುವಷ್ಟು ಸಲೀಸಾಗಿ. ಚೂರನ್ನು ತಿರುಗಿ ಅವರ ಕೈಗೇ ಕೊಟ್ಟೆ. ಅವರು ಅದನ್ನು ಸಿಕ್ಕಿದ ಜಾಗದಲ್ಲೇ ಇಟ್ಟು ಮೇಲೆ ಒಂದಿಷ್ಟು ಮಣ್ಣು ಎಳೆದರು.

ಕೆಸರು ತುಂಬಿದ ಹೊಂಡವೊಂದರಲ್ಲಿ ಇಟ್ಟಿಗೆಯ ಕಟ್ಟೆ, ದೋಣಿ ಕಟ್ಟುವ ತೇಗದ ಗೂಟಗಳು, ಜೊತೆಗೆ ಸುಮಾರು 6 ಮೀಟರ್ ಉದ್ದದ ಒಂದೇ ಮರದ ದೋಣಿ ಸಿಕ್ಕಿದ್ದವು. ಎರಡು ಸಾವಿರ ವರ್ಷ ಗಾಳಿ ತಾಗದ ಕೆಸರು ಅದನ್ನು ಕಾಪಾಡಿತ್ತು. ದೋಣಿಯ ಮರ ಯಾವುದೆಂದು ಚೇಟ್ಟ ಹೇಳಿದರು: ಆಂಜಿಲಿ. ಆ ಮರವನ್ನು ತೋರಿಸಿ ಎಂದೆ. ರಸ್ತೆಯ ತಿರುವಿನಲ್ಲೇ ಒಂದು ನಿಂತಿತ್ತು. ನಮ್ಮ ಹೆಬ್ಬಲಸು! ನಮ್ಮ ಅಜ್ಜನ ಕಾಲದ ದೋಣಿಯೂ ಹೆಬ್ಬಲಸಿನದೇ. ಹೊಳೆಯಲ್ಲಿ ಬಳಚು ತೆಗೆಯಲು ಹೋಗುವವರ ದೋಣಿಯನ್ನು ಇವತ್ತಿಗೂ ಆ ಮರದಲ್ಲಿ ಮಾಡಿದರೆ ಬಾಳಿಕೆ ಹೆಚ್ಚೆನ್ನುತ್ತಾರೆ.

ಒಂದನೇ ಶತಮಾನದಲ್ಲಿ ಗ್ರೀಕ್ ನಾವಿಕನೊಬ್ಬ ಬರೆದಿಟ್ಟ ‘ಪೆರಿಪ್ಲಸ್’ನಲ್ಲಿ ಮುಜಿರಿಸ್ ನದಿಯ ದಂಡೆಯಲ್ಲಿದೆ, ಸಮುದ್ರದಿಂದ 20 ಸ್ಟೇಡಿಯಾ ಒಳಗಿದೆ ಎಂದಿದೆ, ಅಂದರೆ ನಾಲ್ಕು ಕಿಲೋಮೀಟರಿಗೂ ಕಡಿಮೆ. ಅದೇ ಶತಮಾನದ ಪ್ಲಿನಿ, ಅಲ್ಲಿ ಹಡಗು ದೂರದಲ್ಲೇ ನಿಲ್ಲಬೇಕು, ಸರಕನ್ನು ಸಣ್ಣ ದೋಣಿಗಳಲ್ಲಿ ಸಾಗಿಸಬೇಕು, ಹತ್ತಿರದಲ್ಲಿ ನಿತ್ರಿಯಾಸಿನ ಕಡಲ್ಗಳ್ಳರ ಕಾಟ ಬೇರೆ ಎಂದು ಗೊಣಗುತ್ತಾನೆ. ಆ ನಿತ್ರಿಯಾಸ್ ಮಂಗಳೂರಿನ ನೇತ್ರಾವತಿಯ ಕಡೆಯದೋ, ಮುರ್ಡೇಶ್ವರದೆದುರಿನ ನೇತ್ರಾಣಿಯೋ ಎಂದು ವಿದ್ವಾಂಸರು ಚರ್ಚಿಸುತ್ತಾರೆ. ನಮ್ಮ ಕರಾವಳಿ ಆ ಪುಸ್ತಕಗಳಲ್ಲಿ ಕಳ್ಳರ ತಾಣವಾಗಿಯಾದರೂ ಇದೆ. ವಿಯೆನ್ನಾದಲ್ಲಿರುವ ಎರಡನೇ ಶತಮಾನದ ಪಪೈರಸ್ ಹಾಳೆಯ ಒಂದು ಮಗ್ಗುಲಲ್ಲಿ ಮುಜಿರಿಸ್ ವ್ಯಾಪಾರದ ಸಾಲಪತ್ರವಿದೆ. ಇನ್ನೊಂದು ಮಗ್ಗುಲಲ್ಲಿ ‘ಹೆರ್ಮಪೊಲ್ಲೊನ್’ ಎಂಬ ಹಡಗಿನಲ್ಲಿ ಬಂದ ದಂತ, ಗಂಗೆಯ ಕಡೆಯ ಜಟಾಮಾಂಸಿಯ ಲೆಕ್ಕವಿದೆ. ಸುಂಕ ನಾಲ್ಕರಲ್ಲೊಂದು ಪಾಲು. ಅಷ್ಟು ದೊಡ್ಡ ಲೆಕ್ಕದ ಕೊನೆಯ ಮೈಲಿಯನ್ನು ದಾಟಿಸಿದ್ದು ಹೆಬ್ಬಲಸಿನ ದೋಣಿ, ಅದನ್ನು ಹುಟ್ಟು ಹಾಕುತ್ತಿದ್ದ ಯಾರದೋ ತೋಳು. ಆ ತೋಳಿನ ಲೆಕ್ಕ ಯಾವ ಹಾಳೆಯಲ್ಲೂ ಇಲ್ಲ.

ಮಧ್ಯಾಹ್ನ ಚೇಟ್ಟ ತಮ್ಮ ಮನೆಗೇ ಊಟಕ್ಕೆ ಕರೆದರು. ಕೆಂಪು ಕುಚ್ಚಲಕ್ಕಿ ಅನ್ನ, ಮಾವಿನಕಾಯಿ ಹಾಕಿದ ಸಿಗಡಿ ಸಾರು, ಹುರಿದ ಕರಿಮೀನು. ಇನ್ನೊಂದು ಮಣ್ಣಿನ ಮಡಕೆಯಲ್ಲಿ ಹಿಂದಿನ ದಿನದ ಮೀನು ಪದಾರ್ಥ. ಅದರ ಹುಳಿಯಲ್ಲಿ ಹೊಗೆಯ ಕಂಪಿತ್ತು. ಕುಡಂಪುಳಿ ಎಂದರು. ಬಾಯಿಗಿಟ್ಟ ಕೂಡಲೇ ಗೊತ್ತಾಯಿತು, ನಮ್ಮ ಉಪ್ಪಾಗೆ. ನಮ್ಮ ಮನೆಯ ಮೀನಿಗೆ ಮುರುಗಲ ಹುಳಿ ಬೀಳುತ್ತದೆ. ಉಪ್ಪಾಗೆಯನ್ನು ಘಟ್ಟದ ಬುಡದ ಜನ ಹೊಗೆಯಲ್ಲಿ ಒಣಗಿಸಿ ವ್ಯಾಪಾರಿಗಳಿಗೆ ಮಾರಿಬಿಡುತ್ತಾರೆ. ಅದು ಹೋಗಿ ಸೇರುವ ಮಡಕೆಯನ್ನು ಅವತ್ತು ನೋಡಿದೆ. ಇನ್ನೊಂದು ಹಿಡಿ ಅನ್ನ ಹಾಕುತ್ತ ಚೇಟ್ಟನ ತಾಯಿ, ಇದು ಪೊಕ್ಕಾಳಿ ಅಕ್ಕಿ ಎಂದರು. ಹೇಳುವಾಗ ಅವರ ದನಿಯಲ್ಲೊಂದು ಹೆಮ್ಮೆಯಿತ್ತು. ಗದ್ದೆ ಇಲ್ಲೇ ಏಳಿಕ್ಕರದಲ್ಲಿದೆ, ಕೊಯ್ಲು ನಡೆದಿದೆ, ನಾಳೆ ನೋಡಬಹುದು ಎಂದೂ ಹೇಳಿದರು.

ಅಂದು ಸಂಜೆ ಚೇಂದಮಂಗಲದ ಯೆಹೂದಿಗಳ ಹಳೆಯ ಪ್ರಾರ್ಥನಾ ಮಂದಿರಕ್ಕೆ ಹೋದೆ. ಊರಿನ ಯೆಹೂದಿಗಳು ಇಸ್ರೇಲಿಗೆ ಹೊರಟುಹೋಗಿದ್ದಾರೆ. ಮಂದಿರದ ಹೊರಗೆ ಒಂದು ಗೋರಿಕಲ್ಲು ನಿಂತಿದೆ, 1269ರದ್ದು. ಇಸ್ರೇಲನ ಮಗಳು ಸಾರಾ ಎಂಬ ಹೆಣ್ಣುಮಗಳ ಹೆಸರು ಹೀಬ್ರೂ ಲಿಪಿಯಲ್ಲಿದೆ. ಕೊಡುಂಗಲ್ಲೂರಿನಿಂದ ತಂದ ಕಲ್ಲು ಎನ್ನುತ್ತಾರೆ. 1341ರ ಪೆರಿಯಾರ್ ಮಹಾಪೂರದಲ್ಲಿ ಹಳೆಯ ಬಂದರಿನ ಬಾಯಿ ಹೂಳು ತುಂಬಿ ಮುಚ್ಚಿತು, ತೆಂಕಲ್ಲಿ ಕೊಚ್ಚಿಯ ಅಳಿವೆ ತೆರೆಯಿತು, ವೈಪಿನ್ ದ್ವೀಪ ಎದ್ದಿತು ಎಂಬುದು ಇಲ್ಲಿಯ ಜನರ ತಲೆತಲಾಂತರದ ಮಾತು. ಆ ಪೂರಕ್ಕೂ ಮೊದಲೇ ಈ ಸೀಮೆಯಲ್ಲಿ ಮಣ್ಣಾದವಳು ಸಾರಾ. ಕತ್ತಲಾಗುವವರೆಗೆ ಆ ಕಲ್ಲಿನ ಎದುರು ಕೂತಿದ್ದೆ. ಮರುದಿನ ಬೆಳಿಗ್ಗೆ ಕೋಟ್ಟಪ್ಪುರಂಗೆ ಹೋದೆ. 1523ರಲ್ಲಿ ಪೋರ್ಚುಗೀಸರು ಕಟ್ಟಿದ, ಆಮೇಲೆ ಡಚ್ಚರ ಕೈಸೇರಿ ಕೊನೆಗೆ ಟಿಪ್ಪುವಿನ ದಂಡು ಕೆಡವಿದ ಕೋಟೆಯದು. ಮೈಸೂರು ಸೀಮೆಯವನಾ ಎಂದು ಅಲ್ಲಿದ್ದ ಮುದುಕರೊಬ್ಬರು ಕೇಳಿದರು. ಅಲ್ಲ, ಕಡಲ ಕಡೆಯವನು ಎಂದೆ.

ಏಳಿಕ್ಕರದ ಗದ್ದೆಯ ಒಡ್ಡಿನ ಮೇಲೆ ಕಾಲಿಟ್ಟಾಗ ನಾನು ಪರವೂರಿಗೆ ಬಂದದ್ದೇ ಮರೆತುಹೋಯಿತು. ಕಣ್ಣು ಹಾಯುವಷ್ಟು ದೂರ ನೀರು, ನೀರಿನ ಮೇಲೆ ಭತ್ತ. ಅದೇ ಕೆಸರಿನ ಗಂಧಕದ ವಾಸನೆ, ಒಡ್ಡಿನಂಚಿಗೆ ಅದೇ ಕಾಂಡ್ಲ ಗಿಡ, ಅದೇ ಬೆಳ್ಳಕ್ಕಿ. ಆಳೆತ್ತರ ಬೆಳೆದ ಪೈರು ನೀರಿಗೆ ಬಾಗಿ ಮಲಗಿತ್ತು, ತೆನೆ ಮಾತ್ರ ತಲೆಯೆತ್ತಿತ್ತು. ಸೊಂಟದ ಮಟ್ಟ ನೀರಿನಲ್ಲಿ ನಿಂತ ಹೆಂಗಸರು ತೆನೆಯನ್ನಷ್ಟೇ ಕೊಯ್ದು ಪಕ್ಕದಲ್ಲಿ ತೇಲುತ್ತಿದ್ದ ದೋಣಿಗೆ ಹಾಕುತ್ತಿದ್ದರು. ಒಡ್ಡಿನ ನಡುವೆ ಮರದ ಹಲಗೆಯ ಬಾಗಿಲು. ಭರತದ ನೀರನ್ನು ಒಳಗೆ ಬಿಡುವುದು, ಇಳಿತದಲ್ಲಿ ಹೊರಗೆ ಕಳಿಸುವುದು ಅದರ ಕೆಲಸ. ಅದನ್ನು ಅವರು ತೂಂಬು ಎನ್ನುತ್ತಾರೆ, ನಾವು ತೂಬು. ‘ಒರು ನೆಲ್ಲು, ಒರು ಮೀನ್’ ಎಂದರು ಚೇಟ್ಟ. ಮಳೆಗಾಲದ ಸಿಹಿನೀರಿಗೆ ಒಂದು ಭತ್ತ, ನವೆಂಬರ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ ಉಪ್ಪುನೀರಿಗೆ ಒಂದು ಮೀನು. ಕೊಯ್ದುಳಿದ ಹುಲ್ಲು ನೀರಲ್ಲಿ ಕೊಳೆತು ಸಿಗಡಿಗೆ ಮೇವು, ಸಿಗಡಿ ಬಿಟ್ಟುಹೋದದ್ದು ಮುಂದಿನ ಭತ್ತಕ್ಕೆ ಗೊಬ್ಬರ. ಬೇರೆ ಗೊಬ್ಬರ ಇಲ್ಲ, ಔಷಧಿ ಇಲ್ಲ. ನಮ್ಮ ಕಗ್ಗದ ಗದ್ದೆಯ ಲೆಕ್ಕವೂ ಇದೇ. ಕಗ್ಗವೂ ಹೀಗೇ ಎತ್ತರ, ಉಪ್ಪು ತಿಂದು ಬೆಳೆಯುವ ಭತ್ತ. ಅದರ ಬೆನ್ನಿಗೆ ಬೆಳೆಯುವುದು ನಮ್ಮ ಶೆಟ್ಲಿ, ಅಂದರೆ ಸಿಗಡಿ.

ಸಂಗಂ ಕಾಲದ ಪುರನಾನೂರಿನ ಪದ್ಯವೊಂದರಲ್ಲಿ ಇದೇ ಮುಜಿರಿಸಿನ, ತಮಿಳಿನ ಮುಚಿರಿಯ, ವರ್ಣನೆ ಬರುತ್ತದೆ. ಮೀನು ಕೊಟ್ಟು ಭತ್ತ ಕೊಳ್ಳುತ್ತಾರೆ, ಭತ್ತ ರಾಶಿ ಹಾಕಿದ ದೋಣಿಗಳು ಮನೆಗಳೋ ದೋಣಿಗಳೋ ತಿಳಿಯದ ಹಾಗೆ ಕಾಣುತ್ತವೆ. ಆಮೇಲೆ ಮೆಣಸಿನ ಮೂಟೆ, ಹಡಗಿನ ಚಿನ್ನ. ವಿದ್ವಾಂಸರೆಲ್ಲ ಮೆಣಸು, ಚಿನ್ನದ ಸಾಲನ್ನೇ ಹಿಡಿದು ನಡೆದರು. ಅಲ್ಲಿ ನಿಂತು ತೆನೆ ತುಂಬಿದ ದೋಣಿ ನೋಡುತ್ತಿದ್ದ ನನಗೆ ಮೊದಲ ಮಾತೇ ದೊಡ್ಡದೆನಿಸಿತು. ಭತ್ತ, ಮೀನು. ಹಡಗು ಬರುವುದಕ್ಕೂ ಮೊದಲು ಜನ ಉಂಡಿರಬೇಕಲ್ಲ.

ಹೆಂಗಸರಲ್ಲಿ ಒಬ್ಬರು ನೀರಿನಿಂದ ಮೇಲೆ ಬಂದು ಒಡ್ಡಿನ ಮೇಲೆ ಕೂತು ಎಲೆಯಡಿಕೆ ಹಾಕಿದರು. ಅರವತ್ತೈದು ದಾಟಿದ ಜೀವ. ಜೊತೆಯವಳನ್ನು ಕರೆದು ಏನೋ ಹೇಳಿದರು. ಆ ಮಾತು ಕಿವಿಗೆ ಬಿದ್ದು ನಾನು ಬೆಚ್ಚಿದೆ. ಅದು ಮಲಯಾಳವಲ್ಲ, ಕೊಂಕಣಿ. ನಮ್ಮ ಕೊಂಕಣಿಗಿಂತ ಬೇರೆ ರಾಗ, ಆದರೆ ಉದಾಕ, ಮೀಟ, ಭಾತ ಎಂಬ ಶಬ್ದಗಳು ಹಾಗೇ ಇದ್ದವು. ಅವರು ಕುಡುಂಬಿಗಳು, 16ನೇ ಶತಮಾನದಲ್ಲಿ ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ಕರಾವಳಿ ಹಿಡಿದು ತೆಂಕಕ್ಕೆ ಬಂದವರ ವಂಶ. ದಕ್ಷಿಣ ಕನ್ನಡ, ಉಡುಪಿಯ ಕುಡುಬಿಗಳು ಅವರ ಬಳಗವೇ. ನಮ್ಮೂರಲ್ಲಿ ಕೊಂಕಣಿ ಆಡುವ ನೆರೆಮನೆಯವರ ಜೊತೆ ಬೆಳೆದ ನಾನು ನನಗೆ ಬಂದಷ್ಟು ಕೊಂಕಣಿಯಲ್ಲಿ ‘ಅಕ್ಕಾ’ ಎಂದು ಕರೆದೆ. ಅವರು ಬಾಯಲ್ಲಿದ್ದ ಎಲೆಯಡಿಕೆ ನಿಲ್ಲಿಸಿ ನನ್ನನ್ನು ನೋಡಿದರು. ಎಲ್ಲಿಯವನು, ಯಾರ ಪೈಕಿ, ಮನೆಯಲ್ಲಿ ಯಾರ್ಯಾರಿದ್ದಾರೆ, ಎಲ್ಲವನ್ನೂ ಕೇಳಿದರು.

ಬಿತ್ತುವುದು ಹೇಗೆ ಎಂದು ಕೇಳಿದೆ. ಬಾಯಲ್ಲಿ ಹೇಳುವುದು ಅವರಿಗೆ ಸಾಲದಾಯಿತು. ಒಡ್ಡಿನ ಬದಿಯಿಂದ ಎರಡು ಕೈಯಲ್ಲೂ ಕೆಸರು ತೆಗೆದು ನೆಲಕ್ಕೆ ಹಾಕಿ, ಬೆರಳುಗಳಿಂದ ಒತ್ತಿ, ಗೇಣಗಲದ ಒಂದು ಗುಡ್ಡೆ ಮಾಡಿದರು. ಮಳೆಗಾಲದ ಮುಂಚೆ ಗದ್ದೆಯ ತುಂಬ ಇಂಥ ದೊಡ್ಡ ಗುಡ್ಡೆಗಳು. ಮಳೆ ಬಿದ್ದ ಹಾಗೆ ಗುಡ್ಡೆಯ ನೆತ್ತಿಯ ಉಪ್ಪು ತೊಳೆದು ಕೆಳಗಿಳಿಯುತ್ತದೆ ಎಂದು, ನೆತ್ತಿಯಿಂದ ಬುಡಕ್ಕೆ ಬೆರಳು ಎಳೆದು ತೋರಿಸಿದರು. ಉಪ್ಪು ಹೋದ ನೆತ್ತಿಯ ಮೇಲೆ ಮೊಳಕೆ ಬಂದ ಬೀಜ. ಎಳೆಯ ಸಸಿ ಎದ್ದ ಮೇಲೆ ಗುಡ್ಡೆಯನ್ನು ಒಡೆದು, ಸಸಿಯನ್ನು ಮಣ್ಣಿನ ಸಮೇತ ಸುತ್ತಲೂ ಹರಡುವುದು. ಅವರು ಅಂಗೈಯಿಂದ ಆ ಗುಡ್ಡೆಯನ್ನು ಒಡೆಯುವ ಮೊದಲು ನಾನು ಫೋನಿನಲ್ಲಿ ಅದರದೊಂದು ಚಿತ್ರ ತೆಗೆದುಕೊಂಡೆ.

ಪಕ್ಕದ ಗದ್ದೆ ಖಾಲಿ ಇತ್ತು, ಬರೀ ನೀರು. ಅದರಾಚೆಯದೂ ಹಾಗೆಯೇ. ಅವರು ಬಿತ್ತುವುದು ಬಿಟ್ಟಿದ್ದಾರೆ, ಸಿಗಡಿಯಲ್ಲಿ ದುಡ್ಡಿದೆ, ನೀರಲ್ಲಿ ನಿಂತು ಕೊಯ್ಯಲು ಈಗಿನವರು ಯಾರು ಬರುತ್ತಾರೆ ಎಂದರು. ಪೊಕ್ಕಾಳಿಗೆ 2008ರಲ್ಲೇ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಆ ಮಾನ್ಯತೆ ಖಾಲಿ ಗದ್ದೆಯಲ್ಲಿ ಇಳಿದು ನಿಲ್ಲುವುದಿಲ್ಲ. ಆಮೇಲೆ ಅವರು ನನ್ನ ಕಡೆ ತಿರುಗಿ ಕೇಳಿದರು, ನಿಮ್ಮಲ್ಲೂ ಇಂಥ ಗದ್ದೆ ಇದೆ ಅಂದೆಯಲ್ಲ, ನೀವು ಬಿತ್ತುತ್ತೀರಾ?

‘ಹೌದು, ಬಿತ್ತುತ್ತೇವೆ’ ಎಂದೆ.

ಸುಳ್ಳು. ನಮ್ಮ ಗಜನಿಯಲ್ಲಿ ಕಗ್ಗ ಬಿತ್ತಿದ ಕೊನೆಯ ಜೀವ ಅಪ್ಪ. ಅವರು ಹೋದ ಮೇಲೆ ಗದ್ದೆಯನ್ನು ವರ್ಷವಿಡೀ ಶೆಟ್ಲಿ ಬೆಳೆಯುವವರಿಗೆ ಗೇಣಿಗೆ ಕೊಟ್ಟಿದ್ದೇವೆ. ಆ ದುಡ್ಡು ಅಣ್ಣನ ಖಾತೆಗೂ ನನ್ನ ಖಾತೆಗೂ ಸಮನಾಗಿ ಬೀಳುತ್ತದೆ. ಆ ಹೆಂಗಸು ನನ್ನ ಮಾತು ಕೇಳಿ ‘ಬರೆ’ ಎಂದರು. ಕೊಂಕಣಿಯಲ್ಲಿ ಒಳ್ಳೆಯದು ಎಂದು. ಎದ್ದು ಸೆರಗು ಬಿಗಿದು ಮತ್ತೆ ನೀರಿಗೆ ಇಳಿದರು.

ಎರಡು ಸಾವಿರ ವರ್ಷ ಹಿಂದಿನ ಒಂದು ಚೂರು ಮಣ್ಣಿನ ಬಗ್ಗೆ ಇಷ್ಟು ಜನ ಇಷ್ಟು ನಿಷ್ಠೆಯಿಂದ ನಿಜ ಹುಡುಕಿದ ಊರಿನಲ್ಲಿ, ಅಂಥದೊಂದು ಸುಳ್ಳು ಹೇಳಿ ಬಂದೆ. ಮುಜಿರಿಸ್ ನಮ್ಮದಲ್ಲ ಎಂದು ಒಪ್ಪಿಕೊಳ್ಳಲು ನನಗೆ ಈಗ ಕಷ್ಟವಿಲ್ಲ. ಕಗ್ಗ ಇನ್ನು ನಮ್ಮದಲ್ಲ ಎಂದು ಹೇಳಲು ನಾಲಿಗೆ ಏಳಲಿಲ್ಲ. ದೋಣಿಯನ್ನು ಕೆಸರು ಕಾಪಾಡುತ್ತದೆ, ಮಣಿಯನ್ನೂ ಕಾಪಾಡುತ್ತದೆ. ಬೀಜವನ್ನು ಹಾಗೆ ಹೂತಿಡಲು ಬರುವುದಿಲ್ಲ. ಅದನ್ನು ವರ್ಷ ವರ್ಷ ಬಿತ್ತಲೇಬೇಕು, ನಾಲ್ಕು ವರ್ಷ ಬಿಟ್ಟರೆ ಅದು ಮೊಳೆಯುವುದಿಲ್ಲ. ಗುಡ್ಡೆಯ ನೆತ್ತಿಯಿಂದ ಬುಡಕ್ಕೆ ಎಳೆದ ಆ ಬೆರಳಿನ ಗುರುತು ಯಾವ ಹೊಂಡದಲ್ಲೂ ಸಿಗಲಾರದು.

ಊರಿಗೆ ಬಂದ ಮೇಲೆ ಒಂದು ಭಾನುವಾರ ಚಿಕ್ಕಪ್ಪನ ಮನೆಗೆ ಹೋದೆ. ಅಪ್ಪನ ಜೊತೆ ಗಜನಿಗೆ ಇಳಿಯುತ್ತಿದ್ದವರು ಅವರೊಬ್ಬರೇ ಉಳಿದಿರುವುದು. ಕಣ್ಣು ಮಂಜು, ಮೊಣಕಾಲು ಬಗ್ಗುವುದಿಲ್ಲ. ಕಗ್ಗದ ಬೀಜ ಯಾರಲ್ಲಾದರೂ ಇದ್ದೀತಾ ಎಂದು ಕೇಳಿದೆ.

‘ಮಾಣಿಕಟ್ಟೆ ಕಡೆ ಕೇಳ್ಬೇಕು ತಮಾ. ಅಲ್ಲಿ ಬಿತ್ತುವರು ಇದ್ರು’ ಎಂದರು. ಸ್ವಲ್ಪ ಹೊತ್ತು ಬಿಟ್ಟು, ‘ಗೇಣಿ ಬಿಡ್ಸೂಕೆ ನಿನ್ನ ಅಣ್ಣ ಒಪ್ತನಾ?’ ಎಂದರು.

ಗೊತ್ತಿಲ್ಲ ಎಂದೆ. ಅಣ್ಣನನ್ನು ಇನ್ನೂ ಕೇಳಿರಲಿಲ್ಲ, ಇವತ್ತಿಗೂ ಕೇಳಿಲ್ಲ. ಮಾತು ಬದಲಿಸಲು ಫೋನ್ ತೆಗೆದು ಏಳಿಕ್ಕರದ ಕೆಸರು ಗುಡ್ಡೆಯ ಚಿತ್ರ ತೋರಿಸಿದೆ. ಅದೇನೆಂದು ವಿವರಿಸಿದೆ. ಚಿಕ್ಕಪ್ಪ ಫೋನನ್ನು ಮೂಗಿನ ತನಕ ತಂದುಕೊಂಡರು. ಎರಡು ಬೆರಳಿನಿಂದ ಚಿತ್ರವನ್ನು ಹಿಗ್ಗಿಸುವುದು ಹೇಗೆಂದು ತೋರಿಸಿಕೊಟ್ಟೆ. ಗುಡ್ಡೆಯ ಮೇಲಿನ ಬೆರಳಿನ ಗೀರು ಪರದೆಯ ತುಂಬ ಬಂತು.

‘ನಾವು ಗುಡ್ಡೆ ಮಾಡ್ತಿರ್ಲಿಲ್ಲ. ಮೊಳಕೆ ಬರ್ಸಿ ಹಾಗೇ ಬೀರ್ತಿದ್ವು’ ಎಂದರು. ಇನ್ನೂ ನೋಡುತ್ತಲೇ ಇದ್ದರು. ‘ಉಪ್ಪು ಇಳಿಸೂ ಉಪಾಯ ಚಲೋ ಅದೆ. ನಮ್ಮ ಮಣ್ಣು ಇಷ್ಟು ಜೇಡಿ ಅಲ್ಲ, ಗುಡ್ಡೆ ನಿಲ್ತದೋ ಇಲ್ವೋ. ಕೆಳಗಿನ ತೂಬಿನ ಹತ್ರ ಆದ್ರೆ ನಿಲ್ಲೂದು.’